ಮೂರನೇ ಕುರ್ಚಿ

ಕಂಪ್ಲಿಯಿಂದ ಬೆಳಗಿನ ಬಸ್ಸು ಹಿಡಿದು ಹೊಸಪೇಟೆಗೆ ಬಂದಿದ್ದೀರಿ. ಶಾಲೆಯ ಸಭಾಂಗಣ. ಪ್ರತಿಭಾ ಕಾರಂಜಿ, ಛದ್ಮವೇಷ. ಮಕ್ಕಳ ಮುಖಪರಿಚಯ ಇಲ್ಲದವರೇ ಬೇಕೆಂದು ಹೊರಗಿನವರನ್ನು ತೀರ್ಪಿಗೆ ಕರೆದಿದ್ದಾರೆ: ಸಂಡೂರಿನ ಮೇಷ್ಟರೊಬ್ಬರು, ಬಳ್ಳಾರಿ ಕಡೆಯ ನಾಟಕದ ಹಿರಿಯರೊಬ್ಬರು, ಮೂರನೇ ಕುರ್ಚಿ ನಿಮ್ಮದು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಂದಿದೆ. ಅಂಕಪಟ್ಟಿಗೆ ಎಣ್ಣೆ ತಾಗದಂತೆ ಬೆರಳು ಒರೆಸಿಕೊಳ್ಳುತ್ತೀರಿ.

ಮಕ್ಕಳ ಎದೆಯ ಚೀಟಿಯಲ್ಲಿ ಸಂಖ್ಯೆ ಮಾತ್ರ, ಹೆಸರಿಲ್ಲ, ಶಾಲೆಯಿಲ್ಲ. 4ನೇ ಹುಡುಗ ಕೃಷ್ಣದೇವರಾಯ. ಬಾಡಿಗೆ ಕಿರೀಟ, ಜರಿ ಅಂಗಿ, ಸೊಂಟಕ್ಕೆ ಕತ್ತಿ. ಚಪ್ಪಾಳೆಯೋ ಚಪ್ಪಾಳೆ. ನಿಮ್ಮ ಪೆನ್ನು ವೇಷಕ್ಕೆ 9 ಹಾಕುತ್ತದೆ, ಅಭಿನಯಕ್ಕೆ 9, ಅದೇ ಓಘದಲ್ಲಿ ಮಾತಿಗೂ 9. ಮಾತಿಗಾ? ಎರಡನೇ ಸಾಲಿಗೇ ತಡವರಿಸಿ ಅಮ್ಮನ ಮುಖ ನೋಡಿದನಲ್ಲ!

ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ ಅಮೆರಿಕದ ಸೇನಾಧಿಕಾರಿಗಳಲ್ಲಿ ಕಂಡದ್ದು ಇದನ್ನೇ. ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವವನ್ನು ಬೇರೆಬೇರೆಯಾಗಿ ಅಳೆಯಿರಿ ಎಂದರೂ ಒಂದರ ಅಂಕ ಉಳಿದವನ್ನು ಎಳೆದುಕೊಂಡೇ ಬರುತ್ತಿತ್ತು. ಇಲ್ಲಿ ಕಿರೀಟ ನಾಲಿಗೆಗೂ ಅಂಕ ತರುತ್ತಿದೆ. 9 ಹೊಡೆದು 5 ಬರೆದು, ಪಕ್ಕದಲ್ಲಿ ಸಹಿ ಹಾಕುತ್ತೀರಿ.

11ನೇ ಹುಡುಗಿ. ಅಪ್ಪನ ಲುಂಗಿ, ತಲೆಗೆ ಟವೆಲ್, ಕೈಯಲ್ಲೊಂದು ಹುಟ್ಟು. ಹಂಪಿಯ ಹರಿಗೋಲಿನವಳು.

"ಬರ್ರಿ ಅಣ್ಣಾರ, ಹೊಳಿ ಏರೈತಿ, ನಡುವ ಎದ್ದು ನಿಲ್ಲಬ್ಯಾಡ್ರಿ!"

ಬರಿಗಾಲಲ್ಲಿ ಸುತ್ತುತ್ತ ಅವಳು ತೂಗಾಡಿದರೆ ಸಿಮೆಂಟಿನ ನೆಲವೇ ತುಂಗಭದ್ರೆ. ಸಂಡೂರಿನವರು ಬಾಗಿ, "ಎಷ್ಟ್ ಹಾಕಿದ್ರಿ ಸರ್?" ಎನ್ನುತ್ತಾರೆ. "ಆಮ್ಯಾಲ ಹೇಳ್ತೀನ್ರಿ," ಎಂದು ಹಾಳೆ ಮುಚ್ಚಿಕೊಳ್ಳುತ್ತೀರಿ. ಒರಟೆನಿಸಿದರೆ ಎನಿಸಲಿ.

ಕಿರೀಟದಂತೆ ಸರದಿಯೂ ಅಂಕ ಎಳೆಯುತ್ತದೆ. ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಪಿಯಾನೋ ಸ್ಪರ್ಧೆಯಲ್ಲಿ ಸರದಿ ಚೀಟಿ ಎತ್ತಿ ಬಂದದ್ದಾದರೂ ಕೊನೆಯ ದಿನಗಳಲ್ಲಿ ನುಡಿಸಿದವರೇ ಮೇಲಿನ ಸ್ಥಾನಕ್ಕೆ ಏರುವ ಒಲವು 1996ರ ಅಧ್ಯಯನವೊಂದರಲ್ಲಿ ಕಂಡಿತ್ತು. ನೀವೂ 1ನೇ ಮಗುವಿಗೆ ಕೈ ಬಿಗಿ ಹಿಡಿದಿರಿ, ಮುಂದೆ ಎಂಥವರು ಬರುತ್ತಾರೋ ಎಂದು.

ಕೊನೆಗೆ ಮೂರೂ ಹಾಳೆ ಮೇಜಿನ ಮೇಲೆ. 11ಕ್ಕೆ ನಿಮ್ಮದು 26, ಸಂಡೂರಿನವರದು 25, ನಾಟಕದವರದು 18. ಅವರ ವೇಷದ ಅಂಕಣದಲ್ಲಿ ಬರೀ 2.

"ಅದೇನ್ ವೇಷಾನ್ರಿ? ಮನೀ ಲುಂಗಿ!"

"ಹರಿಗೋಲಿನವರು ಜರಿ ಅಂಗಿ ತೊಡ್ತಾರೇನ್ರಿ?"

ಮಾತು ಮರೆತರೆ ಎಷ್ಟು ಕಡಿತ ಎಂಬುದನ್ನು ಬೆಳಿಗ್ಗೆಯೇ ಮೂವರೂ ಗೊತ್ತು ಮಾಡಿಕೊಂಡಿದ್ದಿರಿ. ವೇಷವೆಂದರೆ ಬಟ್ಟೆಯೋ, ಪಾತ್ರಕ್ಕೆ ಒಪ್ಪುವ ಬಟ್ಟೆಯೋ ಎಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಬಾಗಿಲಲ್ಲಿ ಸಂಘಟಕರ ತಲೆ ಇಣುಕುತ್ತದೆ. "ಆತೇನ್ರಿ ಸರ್?"

"ಇನ್ನಾ ಇಲ್ರೀ," ಎನ್ನುತ್ತಾರೆ ನಾಟಕದವರು. ಕನ್ನಡಕ ಏರಿಸಿಕೊಂಡು ಮತ್ತೆ 1ನೇ ಸಂಖ್ಯೆಯ ವೇಷದ ಅಂಕಣಕ್ಕೆ ಬೆರಳಿಡುತ್ತಾರೆ.