ಗೋದಲಿಯ ಗುರುತು

ಕ್ರಿಸ್‌ಮಸ್ ಹಬ್ಬದ ಹಿಂದೆ ಶತಮಾನಗಳ ನಿರೀಕ್ಷೆಯಿದೆ. ಬೇತ್ಲೆಹೇಮಿನಿಂದ ರಕ್ಷಕನು ಬರುವನೆಂಬ ವಾಗ್ದಾನವನ್ನು ಕ್ರೈಸ್ತರು ಪ್ರವಾದಿ ಮೀಕನ ಗ್ರಂಥದಲ್ಲಿ ಕಾಣುತ್ತಾರೆ. ರೋಮನ್ನರ ಆಳ್ವಿಕೆಯಲ್ಲಿ ನೊಂದ ಯೆಹೂದ್ಯರಲ್ಲಿ ಹಲವರು ದಾವೀದನಂತಹ ವೀರನಾದ ಅರಸನಿಗಾಗಿ ಕಾದಿದ್ದುದು ಸಹಜವೇ. ಆದರೆ ‘ಯೇಸು’ ಎಂದರೆ ‘ದೇವರು ರಕ್ಷಿಸುತ್ತಾನೆ’ ಎಂದರ್ಥ. ಆ ರಕ್ಷಣೆ ರೋಮಿನಿಂದಲ್ಲ, ಪಾಪದಿಂದ ಎಂಬುದು ಕ್ರೈಸ್ತರ ನಂಬಿಕೆ.

ಲೂಕನ ಸುವಾರ್ತೆಯಂತೆ, ಈ ಜನನದ ಸುದ್ದಿಯನ್ನು ದೇವದೂತನು ತಿಳಿಸಿದ್ದು ಇರುಳಿನಲ್ಲಿ ಮಂದೆ ಕಾಯುತ್ತಿದ್ದ ಕುರುಬರಿಗೆ. ಅವನು ಕೊಟ್ಟ ಗುರುತಾದರೂ ಏನು? ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಕೂಸು! (ಲೂಕನು ಕೊಟ್ಟಿಗೆಯನ್ನು ಹೆಸರಿಸಿಯೇ ಇಲ್ಲ; ಮೇವಿನ ಗೋದಲಿಯನ್ನಷ್ಟೇ ಹೇಳಿದ್ದಾನೆ.) ಇಡೀ ವೃತ್ತಾಂತದಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಈ ಗುರುತೇ. ಅರಮನೆಯ ತೊಟ್ಟಿಲಾಗಿದ್ದರೆ ಕಾವಲಿನವರು ಆ ಕುರುಬರನ್ನು ಹೆಬ್ಬಾಗಿಲಿನಲ್ಲಿಯೇ ತಡೆಯುತ್ತಿದ್ದರು. ಗೋದಲಿಯ ಬಳಿಗೆ ಹೋಗಲು ಅವರಿಗೆ ಯಾರ ಅಪ್ಪಣೆ ಬೇಕಿತ್ತು?