ಹೊರುವವರ ನಿಸರ್ಗ

ಕಾಲೇಜಿನಲ್ಲಿ ಮೇಷ್ಟ್ರು ನಿಸರ್ಗದ ಕವಿತೆ ಪಾಠ ಮಾಡುವಾಗ ನನಗೆ ನಮ್ಮವ್ವನ ತಲೆ ಮೇಲಿನ ಸೌದೆಹೊರೆ ಕಾಣುತ್ತಿತ್ತು. ಅದನ್ನೇ ಪದ್ಯ ಮಾಡಿ ತೋರಿಸಿದೆ. 'ಇದರಲ್ಲಿ ನಿಸರ್ಗ ಎಲ್ಲಯ್ಯಾ?' ಅಂದರು. ಹಾಳೆ ಹರಿದುಹಾಕಿದೆ.

ಆಮೇಲೆ ಬಂಗಾಳದ ಶಾಂತಿನಿಕೇತನದ ಬಗ್ಗೆ ಓದಿದೆ. 1901ರಲ್ಲಿ ಟಾಗೋರರು ಅಲ್ಲಿ ಮರದ ನೆರಳಲ್ಲಿ ಪಾಠ ನಡೆಯುವ ಶಾಲೆ ಕಟ್ಟಿದರು. 1919ರಲ್ಲಿ ಕಲಾಭವನ ಬಂತು. ಕವಿಗಳು, ಚಿತ್ರಕಾರರು ಸೇರಿ ಮಳೆಗೆ, ವಸಂತಕ್ಕೆ ಹಬ್ಬ ಮಾಡಿದರು. ಇದೂ ಉಂಡು ಕೂತವರ ನಿಸರ್ಗವೇ ಅಂದುಕೊಂಡೆ.

ಆದರೆ ಗೆಳೆಯರೇ, ಅದೇ ಗುಂಪಿನಲ್ಲಿ ರಾಮ್‌ಕಿಂಕರ್ ಬೈಜ್ ಇದ್ದರು. ಬಾಂಕುರಾದ ಕ್ಷೌರಿಕರ ಮನೆಯ ಮಗ. 1938ರಲ್ಲಿ ಅವರು ಕೆಂಪು ಜಂಬಿಟ್ಟಿಗೆ ಹರಳನ್ನು ಸಿಮೆಂಟಿಗೆ ಕಲಸಿ, ಬಯಲಲ್ಲೇ ಒಂದು ಸಂತಾಲ ಆದಿವಾಸಿ ಸಂಸಾರವನ್ನು ನಿಲ್ಲಿಸಿದರು. ಗಂಡ, ಹೆಂಡತಿ, ಬುಟ್ಟಿಯಲ್ಲಿ ಕೂಸು, ಜೊತೆಗೊಂದು ನಾಯಿ. ಸರಂಜಾಮು ಹೊತ್ತು ನಡೆಯುತ್ತಿದ್ದಾರೆ.

ಅದರ ಫೋಟೋ ಅವ್ವನಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, 'ಎತ್ಲಾಗ್ ಹೊಂಟವ್ರೋ, ಕೂಲಿಗೇನೋ. ಮಗೀಗೆ ಹಾಲಾದ್ರೂ ಕೊಟ್ಟವ್ರೋ ಇಲ್ವೋ' ಅಂದಳು.

ಕಾಡು ನೋಡುವವನಿಗೆ ಒಂದು, ಹೊರುವವಳಿಗೆ ಇನ್ನೊಂದು. ಹರಿದ ಪದ್ಯವನ್ನು ಮತ್ತೆ ಬರೆಯುತ್ತಿದ್ದೇನೆ.