ಕಪ್ಪತಗುಡ್ಡದ ಬೇರು, ಹಿತ್ತಲಿನ ಮದ್ದು

ಗದಗಿನಿಂದ ಮುಂಡರಗಿಯತ್ತ ಸಾಗುವಾಗ ಎರೆಹೊಲಗಳ ಆಚೆ ನೀಲಿಯ ಗೋಡೆಯಂತೆ ತೋರುವ ಬೆಟ್ಟಸಾಲೇ ಕಪ್ಪತಗುಡ್ಡ. ಗದಗ, ಶಿರಹಟ್ಟಿ, ಮುಂಡರಗಿ ಸೀಮೆಗಳಲ್ಲಿ ಹಬ್ಬಿ ತುಂಗಭದ್ರೆಯ ಕಡೆಗೆ ಚಾಚಿರುವ ಈ ಗಿರಿಯನ್ನು ಎಪ್ಪತ್ತು ಗಿರಿಗಳಿಗಿಂತ ಮಿಗಿಲೆಂದು ಈ ಭಾಗದ ಜನ ಕೊಂಡಾಡುತ್ತಾರೆ. ಡೋಣಿ ಗ್ರಾಮದ ಕಡೆಯಿಂದ ಏರಿದರೆ ಕೆಂಪು ಕಲ್ಲು, ಹುಲ್ಲು, ಕುರುಚಲು ಗಿಡ. ಮೇಲೆ ಗಾಳಿಗುಂಡಿ ಬಸವಣ್ಣನ ಸನ್ನಿಧಿಯಲ್ಲಿ ಹೆಗಲ ಮೇಲಿನ ವಸ್ತ್ರವನ್ನು ಕಸಿದುಕೊಳ್ಳುವಂತಹ ಗಾಳಿ. ಬೇಸಿಗೆಯಲ್ಲಿ ಬಂದವರು ಇದೊಂದು ಬರಡು ಗುಡ್ಡವೆಂದು ಹಿಂದಿರುಗಬಹುದು. ಈ ಗುಡ್ಡದ ಸಿರಿ ಅಡಗಿರುವುದು ನೆಲದ ಒಳಗೆ.

ಆ ಸಿರಿಯಲ್ಲಿ ಎರಡು ಬೇರುಗಳು ನಮ್ಮ ಮನೆಗಳಿಗೆ ಬಹು ಹತ್ತಿರದವು. ಮೊದಲನೆಯದು ಸೊಗದೆ, ಸುಗಂಧಿ ಬೇರು, ನಾಮದ ಬೇರು ಎಂದೂ ಕರೆಯುವರು. ಸಂಸ್ಕೃತದಲ್ಲಿ ಇದೇ ಸಾರಿವಾ. ತೆಳುವಾದ ಬಳ್ಳಿ, ಎಲೆಯ ನಡುವೆ ಬಿಳಿಯ ಗೆರೆ, ಚಿವುಟಿದರೆ ಹಾಲು. ಬೇರಿನ ಸಿಪ್ಪೆಯನ್ನು ಉಜ್ಜಿದರೆ ಮನಸ್ಸನ್ನು ತಣಿಸುವ ಪರಿಮಳ. ಎರಡನೆಯದು ಶತಾವರಿ. ಒಂದೇ ಬುಡಕ್ಕೆ ಬೆರಳಿನಂತಹ ಗೆಡ್ಡೆಬೇರುಗಳು ಗೊಂಚಲಾಗಿ ತೂಗುವುದರಿಂದ ನಮ್ಮ ಹಿರಿಯರು ಇದಕ್ಕೆ ‘ಹಲವು ಮಕ್ಕಳ ತಾಯಿ’ ಎಂಬ ಅರ್ಥಪೂರ್ಣ ಹೆಸರಿಟ್ಟರು. ಸೊಗದೆ ದೇಹದ ಉಷ್ಣವನ್ನು ತಗ್ಗಿಸಿ ರಕ್ತವನ್ನು ಶುದ್ಧಗೊಳಿಸುವುದೆಂದೂ, ಶತಾವರಿ ಬಲವನ್ನೂ ಬಾಣಂತಿಗೆ ಎದೆಹಾಲನ್ನೂ ಕೊಡುವುದೆಂದೂ ಆಯುರ್ವೇದ ಹೇಳುತ್ತದೆ.

ನಾವು ಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ವೃದ್ಧ ವೈದ್ಯರೊಬ್ಬರು ಬೇರು ತೆಗೆಯುವ ಕ್ರಮವನ್ನು ಕಲಿಸುತ್ತಿದ್ದರು. ಬಳ್ಳಿಯ ಒಂದು ಬದಿಯನ್ನಷ್ಟೇ ಕೆದಕಬೇಕು. ಒಂದೆರಡು ಬೇರು ತೆಗೆದು ಮಣ್ಣು ಮುಚ್ಚಬೇಕು. ಒಂಟಿಯಾಗಿ ನಿಂತ ಬಳ್ಳಿಯನ್ನು ಮುಟ್ಟಲೇಬಾರದು. ಎಲೆ ಕೊಯ್ದರೆ ಮತ್ತೆ ಚಿಗುರುತ್ತದೆ, ಬುಡಸಹಿತ ಬೇರು ಕಿತ್ತರೆ ಗಿಡದ ಆಯುಷ್ಯವೇ ಮುಗಿಯುತ್ತದೆ ಎಂಬುದು ಅವರ ಮಾತಿನ ಸಾರ. ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಮಾರಯ್ಯನವರಿಗೆ ತಿಳಿಹೇಳಿದ ಲಕ್ಕಮ್ಮನವರ ವಿವೇಕವೇ ಇಲ್ಲಿಯೂ ಅಳತೆಗೋಲು. ಮನೆಯ ಅಗತ್ಯಕ್ಕೆ ಹಿಡಿಯಷ್ಟು ತಂದ ಕಾಲದಲ್ಲಿ ಗುಡ್ಡಕ್ಕೆ ನೋವಾಗಲಿಲ್ಲ. ಬೇರು ಚೀಲಗಟ್ಟಲೆ ಪೇಟೆಗೆ ಸಾಗತೊಡಗಿದಾಗ ಬಳ್ಳಿಗಳು ಬುಡಸಹಿತ ಹೋದವು.

ಈ ಗುಡ್ಡವನ್ನು ಉಳಿಸಿಕೊಳ್ಳಲು ನಾಡು ಪಟ್ಟ ಶ್ರಮವನ್ನು ನಾವು ಮರೆಯಲಾಗದು. 2015ರಲ್ಲಿ ದೊರೆತ ಸಂರಕ್ಷಿತ ಪ್ರದೇಶದ ಮಾನ್ಯತೆಯನ್ನು 2016ರಲ್ಲಿ ಹಿಂತೆಗೆದುಕೊಂಡಾಗ, ಗದಗಿನ ತೋಂಟದಾರ್ಯ ಮಠದ ಅಂದಿನ ಜಗದ್ಗುರುಗಳಾದ ಲಿಂಗೈಕ್ಯ ಸಿದ್ಧಲಿಂಗ ಸ್ವಾಮಿಗಳು ಜನರೊಡನೆ ಬೀದಿಗಿಳಿದರು. 2017ರಲ್ಲಿ ಮಾನ್ಯತೆ ಮರಳಿತು; 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಆದ್ದರಿಂದ ಇಂದು ಅಲ್ಲಿ ಅನುಮತಿಯಿಲ್ಲದೆ ಬೇರು ಅಗೆಯುವುದು ಕಾನೂನಿಗೆ ವಿರುದ್ಧ. ಹಾಗಾದರೆ ಮನೆಮದ್ದಿನ ಪರಂಪರೆ ಮುಗಿಯಿತೇ? ಇಲ್ಲ, ಅದು ಗುಡ್ಡದಿಂದ ಹಿತ್ತಲಿಗೆ ಇಳಿಯಬೇಕಾಗಿದೆ.

ಶತಾವರಿಯನ್ನು ಬೀಜದಿಂದಲೂ ಬುಡದ ತುಂಡಿನಿಂದಲೂ, ಸೊಗದೆಯನ್ನು ಬೇರಿನ ಅಥವಾ ಕಾಂಡದ ತುಂಡಿನಿಂದಲೂ ಬೆಳೆಸಬಹುದು. ಮುಂಗಾರಿನಲ್ಲಿ ಸಸಿ ನೆಟ್ಟು ಎರಡು ವರ್ಷವಾದರೂ ಕಾಯಬೇಕು. ಬೇರನ್ನು ಎಲೆ ಉದುರಿದ ಶಿಶಿರದಲ್ಲಿ ಅಥವಾ ಗ್ರೀಷ್ಮದಲ್ಲಿ ತೆಗೆಯಬೇಕೆಂಬುದು ಚರಕ ಸಂಹಿತೆಯ ವಿಧಿ. ಆಗಲೂ ಬುಡವನ್ನು ಉಳಿಸಿದರೆ ಮಳೆಗೆ ಮತ್ತೆ ಚಿಗುರುತ್ತದೆ.

ಸೊಗದೆಯ ಗುಣ ಸಿಪ್ಪೆಯಲ್ಲಿದೆ. ನಡುವಿನ ಕಟ್ಟಿಗೆಯನ್ನು ತೆಗೆದು ನೆರಳಿನಲ್ಲಿ ಒಣಗಿಸಬೇಕು. ಬಹಳ ಹೊತ್ತು ಕುದಿಸಿದರೆ ಅದರ ಪರಿಮಳ ಆವಿಯಾಗಿ ಹೋಗುತ್ತದೆ. ಆದುದರಿಂದ ಜಜ್ಜಿದ 10 ಗ್ರಾಂ ಸಿಪ್ಪೆಯನ್ನು 60 ಮಿಲಿಲೀಟರ್ ತಣ್ಣೀರಿನಲ್ಲಿ ರಾತ್ರಿ ನೆನೆಯಿಟ್ಟು ಬೆಳಿಗ್ಗೆ ಸೋಸುವ ‘ಹಿಮ’ ವಿಧಾನವೇ ಅದಕ್ಕೆ ತಕ್ಕುದು. ಶತಾವರಿಯ ಸಿಪ್ಪೆ ಸುಲಿದು, ಒಳಗಿನ ನಾರನ್ನು ಎಳೆದು ಒಣಗಿಸಬೇಕು. ಒಂದು ಪಾಲು ಪುಡಿಗೆ ಎಂಟು ಪಾಲು ಹಾಲು, ಮೂವತ್ತೆರಡು ಪಾಲು ನೀರು ಬೆರೆಸಿ, ನೀರೆಲ್ಲ ಇಂಗಿ ಹಾಲಷ್ಟೇ ಉಳಿಯುವಂತೆ ಮಂದಾಗ್ನಿಯಲ್ಲಿ ಕಾಯಿಸುವುದು ‘ಕ್ಷೀರಪಾಕ’.

ತಾಯಂದಿರು ಒಂದು ಎಚ್ಚರಿಕೆಯನ್ನು ಗಮನಿಸಬೇಕು. ಅಗ್ನಿಶಿಖೆ ಎಂಬ ಚೆಲುವಾದ ಹೂವಿನ ಬಳ್ಳಿಗೂ ನೆಲದೊಳಗೆ ಗೆಡ್ಡೆಯಿದೆ. ಅದು ಪ್ರಾಣಾಂತಿಕ ವಿಷ. ಗುರುತು ಬಲ್ಲವರು ತೋರಿಸದ ಯಾವ ಬೇರನ್ನೂ ಬಾಯಿಗಿಡಬಾರದು. ಗರ್ಭಿಣಿಯರು, ಎಳೆಯ ಮಕ್ಕಳು, ನಿತ್ಯ ಔಷಧಿ ಸೇವಿಸುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಎಷ್ಟು ಸೇವಿಸಬೇಕೆಂಬುದನ್ನೂ ಅವರೇ ನಿಶ್ಚಯಿಸಲಿ. ದೀರ್ಘ ಜ್ವರಕ್ಕೆ, ರಕ್ತ ಹೋಗುವ ಕಾಯಿಲೆಗೆ ಮನೆಮದ್ದನ್ನು ನಂಬಿ ಕೂರುವುದು ಜಾಣತನವಲ್ಲ.

ಕಪ್ಪತಗಿರಿಗೆ ಅವಶ್ಯವಾಗಿ ಹೋಗಿಬನ್ನಿ. ಬಲ್ಲವರೊಡನೆ ನಡೆದು, ಮಕ್ಕಳಿಗೆ ಎಲೆಯ ಬಿಳಿಗೆರೆಯನ್ನು ತೋರಿಸಿ, ಹೆಸರುಗಳನ್ನು ಬಾಯಿಪಾಠ ಮಾಡಿಸಿ. ಬರುವಾಗ ಕೈ ಬರಿದಾಗಿರಲಿ. ಮುಂದಿನ ಮುಂಗಾರಿಗೆ ಸಸ್ಯಕ್ಷೇತ್ರದಿಂದ ಎರಡು ಸಸಿ ತಂದು ಹಿತ್ತಲಿನಲ್ಲಿ ನೆಡಿರಿ. ಹೆಸರು ಬಲ್ಲ ಮಗುವೂ ಬೇರು ಬಿಟ್ಟ ಸಸಿಯೂ ಒಂದೇ ಮನೆಯಲ್ಲಿದ್ದರೆ, ಹಿರಿಯರು ಕೊಟ್ಟ ವಿದ್ಯೆ ಇನ್ನೊಂದು ತಲೆಮಾರು ಬಾಳುತ್ತದೆ.